ಮಾತ್ರೆ ಡಬ್ಬಿಯ ಮುಂದೆ ಕುಳಿತು ಕಲಿತದ್ದು: ವೃದ್ಧಾಪ್ಯ ಸಂಶೋಧನೆಯಲ್ಲಿ ಒಬ್ಬ ಎಂಬಿಬಿಎಸ್ ವಿದ್ಯಾರ್ಥಿನಿಯ ತರಬೇತಿ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ವರ್ಷದ ಎಂಬಿಬಿಎಸ್ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಹಿರಿಯ ಪ್ರಾಧ್ಯಾಪಕಿಯೊಬ್ಬರ ಮಾರ್ಗದರ್ಶನದಲ್ಲಿ ವೃದ್ಧರ ಔಷಧ ಬಳಕೆಯನ್ನು ಕುರಿತು ನಡೆಸಿದ ಅಲ್ಪಾವಧಿ ಸಂಶೋಧನೆಯ ವೃತ್ತಾಂತವಿದು. ಕಾಲೇಜಿನ ಸಂಶೋಧನಾ ಘಟಕದ ಸದಸ್ಯನಾಗಿ ಈ ಕೆಲಸವನ್ನು ಪ್ರಸ್ತಾವನೆಯ ಹಂತದಿಂದ ಅಂತಿಮ ವರದಿಯವರೆಗೂ ನಾನು ಹತ್ತಿರದಿಂದ ನೋಡಿದ್ದೇನೆ. ಇಬ್ಬರ ಒಪ್ಪಿಗೆಯನ್ನೂ ಪಡೆದು ಇದನ್ನು ಬರೆಯುತ್ತಿದ್ದೇನೆ. ಊರು, ಕಾಲೇಜು, ವ್ಯಕ್ತಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಅಧ್ಯಯನದ ಫಲಿತಾಂಶದ ಅಂಕಿಗಳನ್ನೂ ಅದೇ ಕಾರಣಕ್ಕೆ ಇಲ್ಲಿ ಕೊಟ್ಟಿಲ್ಲ. ಅವುಗಳಿಗಿಂತ, ಎಲ್ಲೆಲ್ಲಿ ಯಾವ ತೀರ್ಮಾನ ತೆಗೆದುಕೊಳ್ಳಲಾಯಿತು ಮತ್ತು ಏಕೆ ಎಂಬುದೇ ಉಳಿದ ಮಾರ್ಗದರ್ಶಕರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ.

ಹಿನ್ನೆಲೆ

2011ರ ಜನಗಣತಿಯಲ್ಲಿ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. 45 ವರ್ಷ ಮತ್ತು ಅದಕ್ಕಿಂತ ಮೇಲಿನ 72 ಸಾವಿರಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಸಂದರ್ಶಿಸಿದ ‘ಲಾಸಿ’ ಎಂಬ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದ ವರದಿ 2021ರಲ್ಲಿ ಹೊರಬಂದ ಮೇಲೆ, ಒಬ್ಬರಿಗೇ ಎರಡು ಮೂರು ದೀರ್ಘಕಾಲಿಕ ಕಾಯಿಲೆಗಳಿರುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂಬುದಕ್ಕೆ ದೇಶಮಟ್ಟದ ಪುರಾವೆ ಸಿಕ್ಕಿತು. ಆದರೆ ಕಲಿಕೆಯ ವ್ಯವಸ್ಥೆ ಈ ವೇಗದಲ್ಲಿ ಬೆಳೆದಿಲ್ಲ. ಜೀರಿಯಾಟ್ರಿಕ್ಸ್, ಅಂದರೆ ವೃದ್ಧಾಪ್ಯ ವೈದ್ಯಶಾಸ್ತ್ರದಲ್ಲಿ ಎಂಡಿ ಪದವಿ ನಮ್ಮ ದೇಶದಲ್ಲಿ ಮೊದಲು ಆರಂಭವಾದದ್ದು 1996ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ವೃದ್ಧರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2010-11ರಲ್ಲಿ. ಎಂಬಿಬಿಎಸ್‌ಗೆ 2019ರಲ್ಲಿ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ ವೃದ್ಧಾಪ್ಯ ವೈದ್ಯಶಾಸ್ತ್ರ ಜನರಲ್ ಮೆಡಿಸಿನ್‌ನ ಒಂದು ಅಧ್ಯಾಯವಾಗಿದೆ. ಬಹುಪಾಲು ಕಾಲೇಜುಗಳಂತೆ ನಮ್ಮಲ್ಲೂ ಅದಕ್ಕೆ ಪ್ರತ್ಯೇಕ ವಿಭಾಗವಿಲ್ಲ, ಆ ವಿಷಯದಲ್ಲಿ ಎಂಡಿ ಮಾಡಿದ ಬೋಧಕರೂ ಇಲ್ಲ.

ಅಮೆರಿಕದಲ್ಲಿ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ಬೆಂಬಲದಿಂದ, ವೈದ್ಯ ವಿದ್ಯಾರ್ಥಿಗಳು ಬೇಸಿಗೆಯಲ್ಲಿ 8ರಿಂದ 12 ವಾರ ಒಬ್ಬ ಅನುಭವಿ ಮಾರ್ಗದರ್ಶಕರ ಜೊತೆ ವೃದ್ಧಾಪ್ಯ ಸಂಶೋಧನೆ ಮಾಡುವ ಕಾರ್ಯಕ್ರಮ ಬಹಳ ವರ್ಷಗಳಿಂದ ಇದೆ. ನಮ್ಮಲ್ಲಿ ಅದಕ್ಕೆ ಸಮೀಪವಾದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಎಸ್‌ಟಿಎಸ್’. ವಿಷಯ ಯಾವುದಾದರೂ ಆಗಬಹುದು, ಕಾಲೇಜಿನ ಪೂರ್ಣಾವಧಿ ಬೋಧಕರೊಬ್ಬರು ಗೈಡ್ ಆಗಿರಬೇಕು, ಕಾಲೇಜಿನ ನೈತಿಕ ಸಮಿತಿಯ ಅನುಮೋದನೆ ಇರಬೇಕು, ಕೆಲಸ ಎರಡು ತಿಂಗಳಲ್ಲಿ ಮುಗಿಯಬೇಕು. ವರದಿ ಒಪ್ಪಿಗೆಯಾದ ಮೇಲೆಯೇ ಹಣ ಮತ್ತು ಪ್ರಮಾಣಪತ್ರ. ಈ ಎರಡು ತಿಂಗಳೂ ಪಾಠ, ಪೋಸ್ಟಿಂಗ್, ಇಂಟರ್ನಲ್ ಪರೀಕ್ಷೆಗಳ ನಡುವೆಯೇ ಸಿಗಬೇಕಾದ ಕಾಲ. ಮುಂದೆ ನಡೆದ ಎಲ್ಲದರ ಮೇಲೂ ಈ ಗಡುವಿನ ಒತ್ತಡ ಇತ್ತು.

ವಿದ್ಯಾರ್ಥಿನಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಕುಟುಂಬ ದತ್ತು ಕಾರ್ಯಕ್ರಮದಿಂದ. 2021-22ರ ಬ್ಯಾಚಿನಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಗಮನಿಸುತ್ತ ಬರಬೇಕೆಂದಾಯಿತಲ್ಲ, ಆ ಭೇಟಿಗಳಲ್ಲಿ ಅವಳು ಕಂಡದ್ದು ಒಂದೇ ಚಿತ್ರ. ಮನೆಯ ಹಿರಿಯರಿಗೆ ಮಾತ್ರೆಗಳು ಬಹಳ. ಯಾವುದು ಯಾವುದಕ್ಕೆ ಎಂದು ಕೇಳಿದರೆ ಉತ್ತರ ಬರುವುದು ಮಗನಿಂದಲೋ ಸೊಸೆಯಿಂದಲೋ, ಅದೂ ಬಣ್ಣದ ಲೆಕ್ಕದಲ್ಲಿ. ಇದನ್ನು ಅಧ್ಯಯನ ಮಾಡಬೇಕೆಂದು ಅವಳು ಜನರಲ್ ಮೆಡಿಸಿನ್‌ನ ಹಿರಿಯ ಪ್ರಾಧ್ಯಾಪಕಿಯೊಬ್ಬರ ಬಳಿ ಹೋದಳು. ಅವರ ಹೊರರೋಗಿ ವಿಭಾಗದಲ್ಲಿ ವಯಸ್ಸಾದವರಿಗೆ ಹೆಚ್ಚು ಸಮಯ ಸಿಗುತ್ತದೆಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಮುದಾಯ ವೈದ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕರೊಬ್ಬರು ಸಹ-ಮಾರ್ಗದರ್ಶಕರಾದರು.

ಪ್ರಶ್ನೆ ಮತ್ತು ಪೂರ್ವಸಿದ್ಧತೆ

ಅವಳ ಪ್ರಸ್ತಾವನೆ ಸರಳವಾಗಿತ್ತು. ಕಾಲೇಜಿನ ಗ್ರಾಮೀಣ ಕ್ಷೇತ್ರದಲ್ಲಿ 60 ವರ್ಷ ಮೀರಿದವರ ಮನೆಗೆ ಹೋಗಿ, ಅವರು ಸೇವಿಸುವ ಔಷಧಗಳನ್ನೆಲ್ಲ ನೋಡಿ, ಅವುಗಳಲ್ಲಿ ವಯಸ್ಸಿಗೆ ಸೂಕ್ತವಲ್ಲದವು ಎಷ್ಟು ಎಂದು ಲೆಕ್ಕ ಹಾಕುವುದು. ಅಳತೆಗೋಲಾಗಿ ಎರಡು ಪಟ್ಟಿಗಳಿದ್ದವು. ಒಂದು, ಮಾರ್ಕ್ ಬಿಯರ್ಸ್ ಎಂಬ ಅಮೆರಿಕದ ವೈದ್ಯರ ತಂಡ 1991ರಲ್ಲಿ ನರ್ಸಿಂಗ್ ಹೋಮ್‌ಗಳಲ್ಲಿರುವ ವೃದ್ಧರಿಗೆಂದು ರೂಪಿಸಿ, ಈಗ ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ ಕಾಲಕಾಲಕ್ಕೆ ಪರಿಷ್ಕರಿಸುತ್ತಿರುವ ಬಿಯರ್ಸ್ ಮಾನದಂಡ. ಇನ್ನೊಂದು, ಐರ್ಲೆಂಡಿನಲ್ಲಿ ರೂಪುಗೊಂಡು 2008ರಲ್ಲಿ ಪ್ರಕಟವಾದ ‘ಸ್ಟಾಪ್’ ಮಾನದಂಡ. ಮಾದರಿಯ ಗಾತ್ರವನ್ನು ಸಮುದಾಯ ವೈದ್ಯಶಾಸ್ತ್ರದ ಎಲ್ಲ ವಿದ್ಯಾರ್ಥಿಗಳಿಗೂ ಕಂಠಪಾಠವಾಗಿರುವ ಸೂತ್ರದಿಂದ ತೆಗೆದಳು: ಸಮಸ್ಯೆ ಶೇ. 50ರಷ್ಟು ಜನರಲ್ಲಿದೆಯೆಂದು ಊಹಿಸಿ, ಶೇ. 10ರ ನಿಖರತೆ ಸಾಕೆಂದುಕೊಂಡರೆ 100 ಜನ.

ಸಹ-ಮಾರ್ಗದರ್ಶಕರು ಆಗಲೇ ಒಂದು ಪ್ರಶ್ನೆ ಕೇಳಿದ್ದರು: ‘ಚೀಟಿ ಇಲ್ಲದ ಮನೆಯಲ್ಲಿ ಏನು ಮಾಡ್ತೀಯಾ?’ ಪ್ರಸ್ತಾವನೆಯಲ್ಲಿ ಅದಕ್ಕೆ ಕೊಟ್ಟ ಉತ್ತರ, ‘ಔಷಧದ ಹೊದಿಕೆಯನ್ನು ನೋಡಿ ದಾಖಲಿಸಲಾಗುವುದು’ ಎಂಬ ಒಂದು ವಾಕ್ಯ. ಕಾಗದದ ಮೇಲೆ ಅದು ಸಾಕೆನಿಸುವ ಉತ್ತರವೇ ಆಗಿತ್ತು.

ಅನುಮೋದನೆ ಬಂದ ಕೂಡಲೇ ಹಳ್ಳಿಗೆ ಹೊರಡಲು ವಿದ್ಯಾರ್ಥಿನಿ ಸಿದ್ಧಳಾಗಿದ್ದಳು. ಮಾರ್ಗದರ್ಶಕಿ ಮೊದಲ ವಾರ ಅವಳನ್ನು ಹಳ್ಳಿಗೆ ಕಳಿಸಲಿಲ್ಲ. ಈ ತರಬೇತಿಯ ಉತ್ತಮ ನಿರ್ಧಾರಗಳಲ್ಲಿ ಇದು ಮೊದಲನೆಯದೆಂದು ನನ್ನ ಅಭಿಪ್ರಾಯ. ಎಂಟು ವಾರಗಳಲ್ಲಿ ಒಂದನ್ನು ಹೀಗೆ ತೆಗೆದಿಡುವುದು ಸಣ್ಣ ತ್ಯಾಗವಲ್ಲ. ಆ ವಾರ ಪೂರ್ತಿ ಅವಳು ಹೊರರೋಗಿ ವಿಭಾಗದಲ್ಲಿ ಅವರ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಏನನ್ನೂ ಬರೆದುಕೊಳ್ಳದೆ, ಅವರು ವಯಸ್ಸಾದವರೊಡನೆ ಮಾತನಾಡುವುದನ್ನು ನೋಡಿದಳು. ಅವರು ರೋಗಿಯನ್ನು ತಮ್ಮೆದುರಿಗೇ, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ಕೂರಿಸಿಕೊಳ್ಳುತ್ತಿದ್ದರು. ಕಿವಿ ಮಂದವಾದವರು ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುತ್ತಾರಾದ್ದರಿಂದ ದನಿ ಏರಿಸುವುದರ ಬದಲು ನಿಧಾನಿಸುತ್ತಿದ್ದರು. ಜೊತೆಗೆ ಬಂದ ಮಗ ಉತ್ತರಿಸಲು ಬಾಯಿ ತೆರೆದರೆ, ‘ನಿಮ್ಮನ್ನೂ ಕೇಳ್ತೀನಿ, ಮೊದಲು ಅಮ್ಮ ಹೇಳಲಿ’ ಎನ್ನುತ್ತಿದ್ದರು. ‘ಯಾವ ಮಾತ್ರೆ ತಗೋತೀರಿ?’ ಎಂದು ಅವರು ಕೇಳಿದ್ದೇ ಇಲ್ಲ. ‘ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ನುಂಗಿದಿರಿ, ತೋರಿಸಿ’ ಎನ್ನುತ್ತಿದ್ದರು. ಪಟ್ಟಿ ಕೇಳಿದರೆ ವೈದ್ಯರು ಬರೆದದ್ದು ಸಿಗುತ್ತದೆ, ಒಂದು ದಿನವನ್ನು ಕೇಳಿದರೆ ರೋಗಿ ನುಂಗಿದ್ದು ಸಿಗುತ್ತದೆ. ಈ ವ್ಯತ್ಯಾಸವನ್ನು ಅವರು ಬಾಯಲ್ಲಿ ಹೇಳಿಕೊಡಲಿಲ್ಲ. ವಾರದ ಕೊನೆಗೆ ವಿದ್ಯಾರ್ಥಿನಿ ತನ್ನ ಪ್ರಶ್ನಾವಳಿಯ ಮೊದಲ ಪುಟವನ್ನು ತಾನೇ ತಿದ್ದಿಕೊಂಡು ಬಂದಳು.

ಕ್ಷೇತ್ರದಲ್ಲಿ ಎದುರಾದ ತೊಡಕು

ಆಶಾ ಕಾರ್ಯಕರ್ತೆಯ ಜೊತೆಗೆ ಮನೆಮನೆಗೆ ಹೋಗತೊಡಗಿದಾಗ ಜನ ಸಂತೋಷದಿಂದಲೇ ಮಾತ್ರೆಗಳನ್ನು ತಂದು ಮುಂದಿಟ್ಟರು. ಅವು ಬಿಸ್ಕತ್ತಿನ ಡಬ್ಬಿಯಲ್ಲಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ, ದೇವರ ಗೂಡಿನ ಪಕ್ಕದ ಮಾಡದಲ್ಲಿ ಇರುತ್ತಿದ್ದವು. ಓದಿಕೊಳ್ಳಬಹುದೆಂದು ನಂಬಿದ್ದ ಹೊದಿಕೆಗಳೇ ಅರ್ಧಂಬರ್ಧವಾಗಿದ್ದವು. ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಪೂರ್ತಿ ಕೊಳ್ಳಲು ಕೈಯಲ್ಲಿ ಹಣವಿಲ್ಲದವರು ನಾಲ್ಕೋ ಐದೋ ಕೇಳುತ್ತಾರೆ, ಮೆಡಿಕಲ್ ಶಾಪಿನವರು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೀಗೆ ಕತ್ತರಿಸಿದ ತುಂಡಿನಲ್ಲಿ ಹೆಸರಿನ ಕೊನೆಯ ಎರಡಕ್ಷರ ಉಳಿದಿರುತ್ತದೆ, ಇಲ್ಲವೇ ಬೆಲೆ, ಇಲ್ಲವೇ ಏನೂ ಇಲ್ಲದ ಬೆಳ್ಳಿಯ ಹಾಳೆ. ಅವಧಿ ಮುಗಿಯುವ ದಿನಾಂಕವಿರುವ ತುದಿ ಇನ್ನಾರದೋ ಮನೆಯಲ್ಲಿರುತ್ತದೆ. ಸಣ್ಣ ಕಾಗದದ ಪೊಟ್ಟಣಕ್ಕೆ ಸುರಿದುಕೊಟ್ಟ ಬಿಡಿ ಮಾತ್ರೆಗಳಲ್ಲಂತೂ ಬಣ್ಣವೊಂದೇ ಆಧಾರ.

ಹೆಸರು ಸಿಕ್ಕ ಕಡೆಗಳಲ್ಲೂ ಕಾಯಿಲೆ ಯಾವುದೆಂಬುದು ಸಿಗುತ್ತಿರಲಿಲ್ಲ. ಬಿಯರ್ಸ್ ಪಟ್ಟಿಯ ಒಂದು ಭಾಗ ಕಾಯಿಲೆ ಯಾವುದೇ ಇರಲಿ ವೃದ್ಧರಿಗೆ ತಪ್ಪಿಸಬೇಕಾದ ಔಷಧಗಳದ್ದು. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ನಿದ್ದೆಯ ಡಯಾಜೆಪಾಮ್, ಮಧುಮೇಹದ ಗ್ಲಿಬೆನ್‌ಕ್ಲಮೈಡ್ ಅದರಲ್ಲಿವೆ. ಅದಕ್ಕೆ ಹೆಸರು ಗೊತ್ತಾದರೆ ಸಾಕು. ‘ಸ್ಟಾಪ್’ ಮಾನದಂಡದ ಬಹುಭಾಗಕ್ಕೆ ರೋಗನಿರ್ಣಯವೂ, ಕೆಲವಕ್ಕೆ ಮೂತ್ರಪಿಂಡದ ಪರೀಕ್ಷೆಯ ಫಲಿತಾಂಶವೂ ಬೇಕು. ಚೀಟಿಗಳು ಕಳೆದುಹೋಗಿದ್ದವು, ಇಲ್ಲವೇ ಮಗ ಬೆಂಗಳೂರಿಗೆ ಹೋಗುವಾಗ ತೆಗೆದುಕೊಂಡು ಹೋಗಿದ್ದ.

ವಾರಕ್ಕೊಮ್ಮೆ ಮಾರ್ಗದರ್ಶಕಿ ಅವಳೊಡನೆ ಕೂರುತ್ತಿದ್ದರು. ಎಕ್ಸೆಲ್ ಹಾಳೆಯನ್ನು ಅವರು ತೆರೆಯಗೊಡುತ್ತಿರಲಿಲ್ಲ, ಕೈಬರಹದ ಫಾರಂಗಳನ್ನೇ ಕೇಳುತ್ತಿದ್ದರು. ಅಂಥ ಒಂದು ಸಭೆಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಫಾರಂಗಳ ಅಚ್ಚುಕಟ್ಟುತನ. ಚೀಟಿಯೇ ಇಲ್ಲದ ಮನೆಗಳ ಫಾರಂಗಳಲ್ಲೂ ರೋಗನಿರ್ಣಯದ ಕಾಲಂ ತುಂಬಿತ್ತು. ಕೇಳಿದಾಗ ವಿದ್ಯಾರ್ಥಿನಿ ಮುಚ್ಚುಮರೆಯಿಲ್ಲದೆ ಹೇಳಿದಳು: ಔಷಧ ನೋಡಿ ಕಾಯಿಲೆ ಬರೆದಿದ್ದೆ, ಆಮ್ಲೋಡಿಪಿನ್ ಇದ್ದರೆ ರಕ್ತದೊತ್ತಡ, ಫ್ರೂಸೆಮೈಡ್ ಇದ್ದರೆ ಹೃದಯ ವೈಫಲ್ಯ. ಖಾಲಿ ಬಿಟ್ಟರೆ ಫಾರಂ ಲೆಕ್ಕಕ್ಕೆ ಬರುವುದಿಲ್ಲವೆಂಬ ಭಯ ಅವಳಿಗಿತ್ತು.

ಮಾರ್ಗದರ್ಶಕಿ ಗದರಲಿಲ್ಲ. ಅವಳದೇ ಒಂದು ಫಾರಂ ಎತ್ತಿಕೊಂಡು, ಅದರಲ್ಲಿದ್ದ ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿ ಬರೆದರು: ಆಮ್ಲೋಡಿಪಿನ್, ಫ್ರೂಸೆಮೈಡ್. ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದದ ಗಂಟಿನ ಬಳಿ ಊತ ಬರುತ್ತದೆ. ಅದು ಆ ಔಷಧದ ಅಡ್ಡಪರಿಣಾಮವೆಂದು ತಿಳಿಯದೆ, ಊತ ಇಳಿಸಲು ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ ಕೊಡುವುದುಂಟು. ಒಂದು ಔಷಧದ ತೊಂದರೆಗೆ ಇನ್ನೊಂದು ಔಷಧ ಸೇರುತ್ತ ಹೋಗುವ ಈ ಸರಪಳಿ ವೃದ್ಧರ ಔಷಧ ಬಳಕೆಯಲ್ಲಿ ಎಲ್ಲರೂ ಹುಡುಕುವ ದೋಷ, ‘ಸ್ಟಾಪ್’ ಮಾನದಂಡದ ಉದ್ದೇಶಗಳಲ್ಲೂ ಒಂದು. ವಿದ್ಯಾರ್ಥಿನಿಯ ಫಾರಂನಲ್ಲಿ ಫ್ರೂಸೆಮೈಡ್‌ನಿಂದ ಹೃದಯ ವೈಫಲ್ಯವನ್ನು ಊಹಿಸಿದ್ದರಿಂದ ಆ ಔಷಧ ‘ಸೂಕ್ತ’ ಎಂದಾಗಿಬಿಟ್ಟಿತ್ತು. ಯಾವ ತಪ್ಪನ್ನು ಹುಡುಕಲು ಅಧ್ಯಯನ ಹೊರಟಿತ್ತೋ ಅದೇ ತಪ್ಪನ್ನು ಕಾಲಂ ತುಂಬುವ ಊಹೆ ಅಳಿಸಿಹಾಕುತ್ತಿತ್ತು. ಇದು ಅರ್ಥವಾದ ಮೇಲೆ ಅವಳೇ ಎಲ್ಲ ಫಾರಂಗಳನ್ನೂ ಮತ್ತೆ ತೆಗೆದು, ಊಹಿಸಿ ಬರೆದ ಪ್ರತಿ ರೋಗನಿರ್ಣಯವನ್ನೂ ಕೆಂಪು ಶಾಯಿಯಲ್ಲಿ ಒಂದೇ ಗೆರೆಯಿಂದ ಹೊಡೆದು, ದಿನಾಂಕ ಹಾಕಿ ಸಹಿ ಮಾಡಿದಳು. ಮೂಲ ಬರಹ ಕಾಣುವಂತೆಯೇ ಉಳಿಸಿ ತಿದ್ದಬೇಕೆಂಬ ನಿಯಮವನ್ನು ಅವಳು ಮೊದಲ ಬಾರಿಗೆ ಪಾಲಿಸಿದ್ದು ಅಂದು.

ಫಾರಂಗಳು ಹೀಗೆ ಖಾಲಿಯಾದಾಗ ಅಧ್ಯಯನದ ಮುಖ್ಯ ಉದ್ದೇಶವೇ ಅಲುಗಾಡಿತು. ಹಾಗಾದರೆ ಏನನ್ನು ಅಳೆಯುವುದೆಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಇನ್ನೊಂದು ಘಟನೆ ನಡೆಯಿತು.

ಕೂಡಿಸಿ ಓದಿದ ಎರಡು ತುಂಡು

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸಕ್ಕರೆ ಕಾಯಿಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಉಚಿತವಾಗಿ ಗ್ಲಿಮೆಪಿರೈಡ್ ಮಾತ್ರೆ ತರುತ್ತಿದ್ದರು. ಕಾಲು ಉರಿ ಎಂದು ಪೇಟೆಯ ಒಬ್ಬ ಖಾಸಗಿ ವೈದ್ಯರನ್ನು ಕಂಡಾಗ ಅಲ್ಲಿಯೂ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಮನೆಯವರ ಲೆಕ್ಕದಲ್ಲಿ ಮೊದಲನೆಯದು ‘ಶುಗರ್ ಮಾತ್ರೆ’, ಎರಡನೆಯದು ‘ಕಾಲು ಉರಿ ಮಾತ್ರೆ’. ಎರಡನೆಯದರ ತುಂಡಿನ ಮೇಲೆ ಬ್ರ್ಯಾಂಡ್ ಹೆಸರಿನ ಬಾಲ ಮಾತ್ರ ಉಳಿದಿತ್ತು. ವಿದ್ಯಾರ್ಥಿನಿ ‘ಗುರುತಿಸಲಾಗಿಲ್ಲ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಡಬ್ಬಿಯ ತಳದಲ್ಲಿ ಅದೇ ಬಣ್ಣದ, ಮಾತ್ರೆಗಳೆಲ್ಲ ಮುಗಿದ ಇನ್ನೊಂದು ಹಳೆಯ ತುಂಡು ಕಂಡಿತು. ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಹಿಡಿದಾಗ ಹಿಂಬದಿಯ ಸಣ್ಣ ಅಕ್ಷರಗಳು ಓದಲು ಬಂದವು: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್, ಎರಡೂ ಸಕ್ಕರೆ ಕಾಯಿಲೆಯ ಔಷಧಗಳೇ. ಗ್ಲಿಮೆಪಿರೈಡ್ ಎಂಬ ಒಂದೇ ಔಷಧ ಎರಡು ಹೆಸರಿನಲ್ಲಿ ದಿನವೂ ಹೊಟ್ಟೆ ಸೇರುತ್ತಿತ್ತು.

ಹೊರರೋಗಿ ವಿಭಾಗದಲ್ಲಿ ಕಲಿತಂತೆ ಅವಳು ಅಜ್ಜಿಯನ್ನು ನಿನ್ನೆಯ ದಿನ ಹೇಗಿತ್ತೆಂದು ಕೇಳಿದಳು. ‘ಹೊತ್ತು ಏರಿದ ಮ್ಯಾಲೆ ಕಣ್ಣು ಕತ್ಲೆ ಬಂದಂಗಾಗತ್ತೆ ಕಣವ್ವ, ಮೈಯೆಲ್ಲ ಬೆವರತ್ತೆ. ಒಂಚೂರು ಬೆಲ್ಲ ಬಾಯಿಗೆ ಹಾಕ್ಕಂಡ್ರೆ ಸರಿ ಹೋಗತ್ತೆ’ ಎಂದರು ಅಜ್ಜಿ. ಮನೆಯವರು ಅದನ್ನು ಪಿತ್ತ ಎಂದುಕೊಂಡಿದ್ದರು. ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯುವ ಸ್ಥಿತಿಯನ್ನು ಗುರುತಿಸಲು ವೈದ್ಯ ವಿದ್ಯಾರ್ಥಿಗಳು ಕಲಿಯುವ ಮೂರು ಲಕ್ಷಣಗಳಿವೆ: ಇಂಥ ತೊಂದರೆಗಳು ಕಾಣಿಸಿಕೊಳ್ಳುವುದು, ಆ ಹೊತ್ತಿನಲ್ಲಿ ಸಕ್ಕರೆ ಕಡಿಮೆಯಿರುವುದು, ಸಿಹಿ ಕೊಟ್ಟ ಕೂಡಲೇ ಸರಿಹೋಗುವುದು. ಮೊದಲ ಮತ್ತು ಮೂರನೆಯದನ್ನು ಅಜ್ಜಿಯೇ ಹೇಳಿದ್ದರು. ವಯಸ್ಸಾದವರಲ್ಲಿ ಸಕ್ಕರೆ ಹೀಗೆ ಇಳಿದರೆ ಬೀಳುವುದು, ಗೊಂದಲ, ಪ್ರಜ್ಞೆ ತಪ್ಪುವುದು ಎಲ್ಲವೂ ಸಾಧ್ಯ. ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ವಿದ್ಯಾರ್ಥಿನಿಯ ಮುಂದೆ ಎರಡು ದಾರಿಗಳಿದ್ದವು, ಎರಡೂ ತಪ್ಪಾಗಿದ್ದವು. ಒಂದು, ತಾನು ಸಂಶೋಧಕಿ, ಬರೆದುಕೊಳ್ಳುವುದಷ್ಟೇ ತನ್ನ ಕೆಲಸವೆಂದು ಎದ್ದು ಬರುವುದು. ಇನ್ನೊಂದು, ‘ಈ ಮಾತ್ರೆ ಬಿಟ್ಟುಬಿಡಿ ಅಜ್ಜಿ’ ಎಂದು ತಾನೇ ಹೇಳುವುದು. ಇನ್ನೂ ಪದವಿಯಿಲ್ಲದ, ಅಜ್ಜಿಯ ಉಳಿದ ಕಾಯಿಲೆಗಳ ಬಗ್ಗೆ ಏನೂ ತಿಳಿಯದ ವಿದ್ಯಾರ್ಥಿಗೆ ಆ ಅಧಿಕಾರವಿಲ್ಲ. ಪ್ರಸ್ತಾವನೆಯಲ್ಲಿ ಇಂಥ ಸಂದರ್ಭಕ್ಕೆ ಒಂದು ಸಾಲೂ ಇರಲಿಲ್ಲ. ಅವಳು ಅಂಗಳಕ್ಕೆ ಬಂದು ಮಾರ್ಗದರ್ಶಕಿಗೆ ಫೋನ್ ಮಾಡಿದಳು. ಅವರು ವಾರ್ಡ್ ರೌಂಡ್ಸ್‌ನ ನಡುವೆಯೂ ಫೋನ್ ತೆಗೆದರು. ಕ್ಷೇತ್ರದಲ್ಲಿರುವಾಗ ಅವಳ ಕರೆಯನ್ನು ಯಾವ ಹೊತ್ತಿನಲ್ಲಾದರೂ ಎತ್ತುವೆನೆಂದು ಅವರು ಮೊದಲೇ ಮಾತು ಕೊಟ್ಟಿದ್ದರು.

ಅವರು ವಿದ್ಯಾರ್ಥಿನಿಯೊಡನೆ ಮಾತು ಮುಗಿಸಿ, ಫೋನನ್ನು ಅಜ್ಜಿಗೂ ಸೊಸೆಗೂ ಕೊಡಿಸಿದರು. ಈಗಲೇ ಊಟ ಮಾಡಿ, ನಾಳೆ ಬೆಳಿಗ್ಗೆ ಮಾತ್ರೆ ನುಂಗದೆ ಇಡೀ ಡಬ್ಬಿಯನ್ನು ತೆಗೆದುಕೊಂಡು ಆರೋಗ್ಯ ಕೇಂದ್ರಕ್ಕೆ ಬನ್ನಿ, ನಾನೂ ಬರುತ್ತೇನೆ ಎಂದರು. ರಾತ್ರಿ ಬೆವರು, ತಲೆಸುತ್ತು ಕಂಡರೆ ಏನು ಮಾಡಬೇಕೆಂದು ಆಶಾ ಕಾರ್ಯಕರ್ತೆಗೂ ತಿಳಿಸಿದರು. ಮರುದಿನ ಕೇಂದ್ರದ ವೈದ್ಯಾಧಿಕಾರಿಯ ಎದುರಿಗೆ ಡಬ್ಬಿ ತೆರೆದಾಗ ಮಾರ್ಗದರ್ಶಕಿ ಆಡಿದ ಮಾತು ವಿದ್ಯಾರ್ಥಿನಿಗೆ ಈಗಲೂ ನೆನಪಿದೆ: ‘ಇಬ್ಬರು ಡಾಕ್ಟರೂ ಸರಿಯಾದ ಮಾತ್ರೇನೇ ಕೊಟ್ಟಿದ್ದಾರೆ ಅಜ್ಜಿ, ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಾಗಿಲ್ಲ ಅಷ್ಟೆ.’ ಯಾವ ವೈದ್ಯರ ಮೇಲೂ ಅಜ್ಜಿಗೆ ನಂಬಿಕೆ ಹೋಗಬಾರದಿತ್ತು. ಹೋದರೆ ಮಾತ್ರೆಗಳನ್ನೆಲ್ಲ ಒಟ್ಟಿಗೇ ಬಿಟ್ಟುಬಿಡುವ ಸಾಧ್ಯತೆಯಿತ್ತು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಕಾರ್ಯವೂ ಕುಗ್ಗಿರುವುದು ಕಂಡಿತು. ವೈದ್ಯಾಧಿಕಾರಿ ಪೇಟೆಯ ವೈದ್ಯರೊಡನೆ ಮಾತನಾಡಿ ಔಷಧವನ್ನು ಒಂದೇ ಕಡೆಯಿಂದ, ಕಡಿಮೆ ಪ್ರಮಾಣದಲ್ಲಿ ಕೊಡುವಂತೆ ಮಾಡಿದರು. ಹಲವು ಕಾಯಿಲೆಗಳಿರುವ ವೃದ್ಧರಲ್ಲಿ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯ ಗುರಿಯನ್ನು ಶೇ. 8ರವರೆಗೆ ಸಡಿಲಿಸುವುದು ಒಪ್ಪಿತವಾದ ಕ್ರಮವಾದ್ದರಿಂದ ಅದಕ್ಕೆ ಅಡ್ಡಿಯಿರಲಿಲ್ಲ.

ಮುಂದೇನು ಎಂಬ ವಿವಾದ

ಆ ಸಂಜೆಯ ಚರ್ಚೆಯೇ ಈ ಪ್ರಕರಣದ ನಿಜವಾದ ತಿರುವು. ಸಹ-ಮಾರ್ಗದರ್ಶಕರ ವಾದದಲ್ಲಿ ಹುರುಳಿತ್ತು. ಅವಧಿ ಅರ್ಧ ಮುಗಿದಿದೆ, ಪ್ರಸ್ತಾವನೆಗೆ ತಿದ್ದುಪಡಿ ಎಂದರೆ ನೈತಿಕ ಸಮಿತಿಯ ಮುಂದಿನ ಸಭೆಯವರೆಗೆ ಕಾಯಬೇಕು, ಅಜ್ಜಿಗೆ ಸಹಾಯ ಆಗಿದೆಯಲ್ಲ, ಇನ್ನು ಮುಂದೆಯೂ ಹೀಗೆ ಕಂಡವರಿಗೆ ಅಧ್ಯಯನದ ಹೊರಗೆ ಸಹಾಯ ಮಾಡೋಣ, 100 ಜನರನ್ನು ಮುಗಿಸೋಣ ಎಂದು ಅವರು ಹೇಳಿದರು. ವಿದ್ಯಾರ್ಥಿನಿಗೂ ಮನಸ್ಸಿನಲ್ಲಿ ಅದೇ ಇತ್ತು. ವರದಿ ತಿರಸ್ಕೃತವಾದರೆ ಎರಡು ತಿಂಗಳ ಶ್ರಮ ನೀರುಪಾಲಾಗುತ್ತದೆ.

ಮಾರ್ಗದರ್ಶಕಿ ಒಪ್ಪಲಿಲ್ಲ. ಅಪಾಯ ತಪ್ಪಿಸಲು ಯಾರ ಅನುಮತಿಗೂ ಕಾಯಬೇಕಿಲ್ಲ, ಅದನ್ನು ಮಾಡಿದ್ದೇವೆ. ಆದರೆ ಮಾಡಿದ್ದನ್ನು ಬರೆದು ಸಮಿತಿಗೆ ತಿಳಿಸದಿದ್ದರೆ ಮುಂದಿನ ಮನೆಯಲ್ಲಿ ಏನು ಮಾಡಬೇಕೆಂಬುದು ವಿದ್ಯಾರ್ಥಿನಿಯ ಧೈರ್ಯಕ್ಕೆ ಬಿಟ್ಟ ವಿಷಯವಾಗುತ್ತದೆ ಎಂದರು. ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಸಂಶೋಧನೆಯ ವೇಳೆ ಆಕಸ್ಮಿಕವಾಗಿ ಕಂಡುಬರುವ ತೊಂದರೆಗಳಿಗೆ ಚಿಕಿತ್ಸೆಯ ನೆರವು ನೀಡುವ ಬಗ್ಗೆ ಪ್ರಸ್ತಾಪಿಸಿವೆ. ಹಾಗಾಗಿ ಇದು ಸಮಿತಿಗೆ ಹೊಸ ವಿಷಯವೂ ಅಲ್ಲವೆಂದರು. ಬಳಿಕ ಅವರು ಕೇಳಿದ ಪ್ರಶ್ನೆಗೆ ಕೋಣೆಯಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ. ‘ಇಲ್ಲಿಯವರೆಗೆ ತುಂಬಿದ ಫಾರಂಗಳಲ್ಲಿ ಇಂಥ ಅಜ್ಜಿ ಇನ್ನೊಬ್ಬರು ಇದ್ದರೆ?’

ಹೊಸ ಮನೆಗಳ ಭೇಟಿಯನ್ನು ನಿಲ್ಲಿಸಲಾಯಿತು. ಔಷಧ ವಿಜ್ಞಾನ ವಿಭಾಗದ ಒಬ್ಬ ಬೋಧಕರ ನೆರವಿನಿಂದ ಹಳೆಯ ಫಾರಂಗಳನ್ನೆಲ್ಲ ಒಂದೊಂದಾಗಿ, ಈ ಬಾರಿ ಲೆಕ್ಕಕ್ಕಲ್ಲದೆ ಅಪಾಯಕ್ಕಾಗಿ ಓದಲಾಯಿತು. ಒಂದೇ ಔಷಧ ಎರಡು ಹೆಸರಿನಲ್ಲಿದ್ದದ್ದು, ಎರಡು ನೋವಿನ ಮಾತ್ರೆಗಳು ಒಟ್ಟಿಗಿದ್ದದ್ದು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ಪೆಟ್ಟು ಮಾಡಿಕೊಂಡದ್ದು, ಹೀಗೆ ಕೆಲವು ಮನೆಗಳು ಹೊರಬಂದವು. ಆ ಮನೆಗಳಿಗೆಲ್ಲ ಮತ್ತೆ ಹೋಗಿ, ವೈದ್ಯಾಧಿಕಾರಿಯನ್ನು ಕಾಣಲು ಚೀಟಿ ಬರೆದುಕೊಡಲಾಯಿತು. ದತ್ತಾಂಶ ಸಂಗ್ರಹದ ಅಮೂಲ್ಯ ದಿನಗಳು ಇದಕ್ಕೆ ಹೋದವು. ನನ್ನ ದೃಷ್ಟಿಯಲ್ಲಿ ಇಡೀ ಎರಡು ತಿಂಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಕೆಲಸ ಇನ್ನೊಂದು ಆಗಲಿಲ್ಲ. ಸಂಶೋಧನೆಗೆ ಮನೆಯ ಬಾಗಿಲು ತೆರೆದು, ಓದು ಬಾರದಿದ್ದರೆ ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟವರ ಫಾರಂಗಳವು. ಅವು ಬೀರುವಿನಲ್ಲಿ ಕುಳಿತಿರುವಾಗ ಅವರು ಅಪಾಯದಲ್ಲಿ ಮುಂದುವರಿಯುವುದನ್ನು ಯಾವ ಗಡುವೂ ಸಮರ್ಥಿಸಲಾರದು.

ಸಮಿತಿ ತಿದ್ದುಪಡಿಗೆ ಒಪ್ಪಿತು. ಎಂಥ ಸಂದರ್ಭದಲ್ಲಿ ಅದೇ ದಿನ ಫೋನ್ ಮಾಡಬೇಕು, ಎಂಥದ್ದರಲ್ಲಿ ವಾರದೊಳಗೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು, ಮನೆಯವರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬ ಒಂದು ಪುಟ ಪ್ರಸ್ತಾವನೆಗೆ ಸೇರಿತು. ಅದರ ಕರಡು ವಿದ್ಯಾರ್ಥಿನಿಯದೇ.

ಪ್ರಶ್ನೆಯೂ ಬದಲಾಯಿತು. ಅನುಮೋದಿತ ಶೀರ್ಷಿಕೆಯನ್ನು ಮುಟ್ಟದೆ, ಅದೇ ಫಾರಂಗಳಿಂದ ಊಹೆಯಿಲ್ಲದೆ ಹೇಳಬಹುದಾದದ್ದು ಏನೆಂದು ಮೂವರೂ ಕುಳಿತು ಹುಡುಕಿದರು. ಮನೆಯಲ್ಲಿರುವ ಔಷಧಗಳಲ್ಲಿ ಹೆಸರು ಗುರುತಿಸಲು ಸಾಧ್ಯವಾದದ್ದೆಷ್ಟು, ಆಗದಿದ್ದರೆ ಯಾವ ಕಾರಣಕ್ಕೆ, ಗುರುತಾದವುಗಳಲ್ಲಿ ರೋಗನಿರ್ಣಯ ಬೇಡದ ಬಿಯರ್ಸ್ ಭಾಗವನ್ನು ಅನ್ವಯಿಸಿದರೆ ಏನು ಸಿಗುತ್ತದೆ, ಎಷ್ಟು ಮನೆಗಳಲ್ಲಿ ಒಂದೇ ಔಷಧ ಎರಡು ಮೂಲಗಳಿಂದ ಬರುತ್ತಿದೆ. ಮೊದಲು ‘ಕಾಣೆಯಾದ ದತ್ತಾಂಶ’ ಎನಿಸಿದ್ದ ಖಾಲಿ ಕಾಲಂಗಳೇ ಈಗ ಅಧ್ಯಯನದ ವಿಷಯವಾದವು. ಒಬ್ಬ ವೃದ್ಧರು ಏನು ನುಂಗುತ್ತಿದ್ದಾರೆಂದು ಅವರ ಮನೆಯಲ್ಲೇ ಕುಳಿತು ತಿಳಿಯಲಾಗದಿದ್ದರೆ, ತುರ್ತು ಚಿಕಿತ್ಸಾ ವಿಭಾಗಕ್ಕೆ ಅವರು ಪ್ರಜ್ಞೆಯಿಲ್ಲದೆ ಬಂದಾಗ ತಿಳಿಯುವುದು ಹೇಗೆ ಎಂಬುದು ಬಿಯರ್ಸ್ ಶೇಕಡಾವಾರಿಗಿಂತ ನಮ್ಮ ಜಿಲ್ಲೆಗೆ ಹತ್ತಿರದ ಪ್ರಶ್ನೆ.

ಫಲಿತಾಂಶ

ಮಾದರಿ 100ನ್ನು ಮುಟ್ಟಲಿಲ್ಲ. ವರದಿಯಲ್ಲಿ ಅದನ್ನೂ, ‘ಸ್ಟಾಪ್’ ಮಾನದಂಡವನ್ನು ಕೈಬಿಟ್ಟ ಕಾರಣವನ್ನೂ, ಊಹಿಸಿ ತುಂಬಿ ನಂತರ ಹೊಡೆದುಹಾಕಿದ ಕಾಲಂಗಳ ವಿಷಯವನ್ನೂ ವಿಧಾನದ ಅಧ್ಯಾಯದಲ್ಲಿ ನೇರವಾಗಿ ಬರೆಯಲಾಯಿತು. ಕೊನೆಯದನ್ನು ಬರೆಯಲು ವಿದ್ಯಾರ್ಥಿನಿ ಹಿಂಜರಿದಳು. ಮಾರ್ಗದರ್ಶಕಿ ಒತ್ತಾಯಿಸಲಿಲ್ಲ, ಮುಂದೆ ಇದೇ ಕೆಲಸ ಮಾಡುವ ಇನ್ನೊಬ್ಬ ವಿದ್ಯಾರ್ಥಿಗೆ ಯಾವ ವಾಕ್ಯ ಹೆಚ್ಚು ಉಪಯೋಗವಾದೀತು ಎಂದಷ್ಟೇ ಕೇಳಿದರು. ಆ ವಾಕ್ಯ ವರದಿಯಲ್ಲಿ ಉಳಿಯಿತು. ವರದಿ ಒಪ್ಪಿಗೆಯಾಯಿತು. ಲೇಖನವಾಗಿ ಕಳಿಸಿದಾಗ ಮೊದಲ ಪತ್ರಿಕೆ ಮಾದರಿ ಚಿಕ್ಕದೆಂದು ಹಿಂದಿರುಗಿಸಿತು. ಅದು ಸಮ್ಮೇಳನವೊಂದರಲ್ಲಿ ಪೋಸ್ಟರ್ ಆಗಿ ಮಂಡನೆಯಾಯಿತು. ಮೊದಲ ಲೇಖಕಿಯ ಸ್ಥಾನ ವಿದ್ಯಾರ್ಥಿನಿಯದೆಂದು ಕೆಲಸ ಶುರುವಾಗುವ ಮೊದಲೇ ಬರೆದಿಟ್ಟಿದ್ದರಿಂದ ಆ ಬಗ್ಗೆ ಯಾವ ತಕರಾರೂ ಹುಟ್ಟಲಿಲ್ಲ.

ಆರೋಗ್ಯ ಕೇಂದ್ರದಲ್ಲೂ ಒಂದು ಬದಲಾವಣೆ ಆಯಿತು. ವಯಸ್ಸಾದವರಿಗೆ ಕೊಡುವ ಮಾತ್ರೆಗಳ ಹೆಸರನ್ನು ಸಿಬ್ಬಂದಿ ಪೊಟ್ಟಣದ ಮೇಲೆ ಬರೆಯತೊಡಗಿದರು, ಓದು ಬಾರದವರಿಗಾಗಿ ಪಕ್ಕದಲ್ಲಿ ಸೂರ್ಯ ಅಥವಾ ಚಂದ್ರನ ಗುರುತು ಹಾಕಿದರು. ಪೇಟೆಯ ಅಂಗಡಿಗಳ ಕತ್ತರಿ ಮಾತ್ರ ಹಾಗೆಯೇ ನಡೆಯುತ್ತಿದೆ. ಬಡವರಿಗೆ ನಾಲ್ಕು ಮಾತ್ರೆ ಕೊಳ್ಳುವ ಅನುಕೂಲವನ್ನು ಕಿತ್ತುಕೊಳ್ಳದೆ ಅದನ್ನು ಸರಿಪಡಿಸುವ ದಾರಿ ಯಾವುದೆಂದು ವರದಿ ಸೂಚಿಸಿಲ್ಲ, ಸೂಚಿಸುವಷ್ಟು ಪುರಾವೆ ಅದರಲ್ಲಿರಲೂ ಇಲ್ಲ.

ಈ ಪ್ರಕರಣದಿಂದ ಮಾರ್ಗದರ್ಶಕರು ತೆಗೆದುಕೊಳ್ಳಬಹುದಾದ ಸಂಗತಿಗಳು ಹಲವು. ನನ್ನ ಮಟ್ಟಿಗೆ ಮುಖ್ಯವಾದದ್ದು, ವೃದ್ಧಾಪ್ಯ ಸಂಶೋಧನೆಯ ತರಬೇತಿಯಲ್ಲಿ ಮಾರ್ಗದರ್ಶನ ಎಲ್ಲಿ ನಡೆಯುತ್ತದೆ ಎಂಬುದು. ಪ್ರಸ್ತಾವನೆ ತಿದ್ದುವಾಗ ಅದು ನಡೆದದ್ದು ಕಡಿಮೆ. ನಡೆದದ್ದು ಸ್ಟೂಲಿನ ಮೇಲೆ ಕುಳಿತ ವಾರದಲ್ಲಿ, ಕೈಬರಹದ ಫಾರಂ ಮೇಲೆ ಎರಡು ಹೆಸರುಗಳನ್ನು ಪಕ್ಕಪಕ್ಕ ಬರೆದಾಗ, ಮತ್ತು ರೌಂಡ್ಸ್‌ನ ನಡುವೆ ಎತ್ತಿದ ಫೋನಿನಲ್ಲಿ. ವಯಸ್ಸಾದವರ ಬಗ್ಗೆ ಮಾಡುವ ಯಾವ ಕ್ಷೇತ್ರ ಅಧ್ಯಯನವೂ ತಕ್ಷಣ ಗಮನ ಬೇಡುವ ಏನನ್ನಾದರೂ ಕಂಡೇ ಕಾಣುತ್ತದೆ. ಒಂದೇ ದೇಹದಲ್ಲಿ ಹಲವು ಕಾಯಿಲೆ, ಹಲವು ಔಷಧ, ಹಲವು ವೈದ್ಯರು ಸೇರಿರುವುದರಿಂದ ಅದು ಅನಿವಾರ್ಯ. ಅದಕ್ಕೊಂದು ದಾರಿಯನ್ನು ಮೊದಲೇ ಬರೆದಿಡದೆ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಗಳನ್ನು ಮನೆಗಳಿಗೆ ಕಳಿಸುವುದು ಆ ವೃದ್ಧರಿಗೂ ವಿದ್ಯಾರ್ಥಿಗಳಿಗೂ ನ್ಯಾಯವಲ್ಲ.

ಅದರ ಮರುವರ್ಷದಿಂದ ನಮ್ಮ ಸಂಶೋಧನಾ ಘಟಕದ ಪ್ರಸ್ತಾವನಾ ನಮೂನೆಯಲ್ಲಿ ಎರಡು ಹೊಸ ಪ್ರಶ್ನೆಗಳು ಸೇರಿವೆ. ಅಪಾಯ ಕಂಡರೆ ವಿದ್ಯಾರ್ಥಿ ಯಾರಿಗೆ ಫೋನ್ ಮಾಡಬೇಕು, ಆ ಫೋನ್ ಎತ್ತುವವರು ಇಲ್ಲದಿದ್ದಾಗ ಇನ್ನೊಬ್ಬರು ಯಾರು. ಎರಡನೆಯ ಪ್ರಶ್ನೆಗೆ ಹೆಸರು ಕೊಡಲು ವಿಭಾಗಗಳು ಇನ್ನೂ ತಿಣುಕುತ್ತಿವೆ. ಎಸ್‌ಟಿಎಸ್ ಮಾರ್ಗದರ್ಶನಕ್ಕೆ ಬೋಧಕರ ವೇಳಾಪಟ್ಟಿಯಲ್ಲಿ ಜಾಗವಿಲ್ಲ, ಅದನ್ನು ಮಾಡುವವರು ಹೊರರೋಗಿ ವಿಭಾಗ ಮುಗಿಸಿ ಸಂಜೆ ಮಾಡುತ್ತಾರೆ. ಈ ಪ್ರಾಧ್ಯಾಪಕಿ ಇನ್ನೆರಡು ವರ್ಷಗಳಲ್ಲಿ ನಿವೃತ್ತರಾಗಲಿದ್ದಾರೆ. ಅವರ ಪಕ್ಕದ ಸ್ಟೂಲಿನಲ್ಲಿ ಈಗ ವಿದ್ಯಾರ್ಥಿಗಳ ಜೊತೆಗೆ ಇಬ್ಬರು ಕಿರಿಯ ಬೋಧಕರನ್ನೂ ಕೂರಿಸಬೇಕೆಂದು ಘಟಕ ಕೇಳಿದೆ, ವಿಭಾಗದ ಒಪ್ಪಿಗೆ ಇನ್ನೂ ಬರಬೇಕಿದೆ.